ಕೆಂಪು ವೈರು ಯಾವುದು?

ನನ್ನ ನೆನಪು ಸರಿ ಇದ್ದರೆ ಅದು 1964ನೇ ಇಸವಿ. ಪುತ್ತೂರು ಪೇಟೆಯ ಅಂಗಡಿಗಳಲ್ಲಿ ಬಲ್ಬು ಉರಿಯುತ್ತಿತ್ತು. ಸುಳ್ಯದ ಸುತ್ತಮುತ್ತ ಹಳ್ಳಿಗಳಲ್ಲಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಜನ ಕರೆಂಟಿಗೆ ಕಾಯುತ್ತಿದ್ದರು. ನಾನು ವೈರಿಂಗ್ ಕೆಲಸ ಕಲಿತು, ಅದರ ಪರ್ಮಿಟ್ಟಿಗಾಗಿ ಪರೀಕ್ಷೆಗೆ ನಿಂತ ದಿನದ ಕತೆ ಇದು. ಇಂಥ ಬರಹಗಳ ಕೊನೆಗೆ ಏನಾದರೂ ಒಳ್ಳೆಯದಾಗಬೇಕು ಎಂದು ನನ್ನ ಮೊಮ್ಮಗಳು ಹೇಳುತ್ತಾಳೆ. ನನ್ನದರಲ್ಲಿ ಹಾಗೆ ಏನೂ ಇಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಮನಸ್ಸಿದ್ದವರು ಓದಿ.

ನಮ್ಮದು ಸುಳ್ಯದ ಹತ್ತಿರದ ಅಜ್ಜಾವರ. ಅಪ್ಪ ಬೇಗ ತೀರಿಕೊಂಡದ್ದರಿಂದ ನಾನು ಮತ್ತು ಅವ್ವ ಸೋದರಮಾವನ ಮನೆಯಲ್ಲಿದ್ದೆವು. ಮಾವ ಕೆಟ್ಟವರಲ್ಲ. ಆದರೆ ಬಾಯಿ ಜೋರು. ನನ್ನ ಮೇಲೆ ಆ ಬಾಯಿ ಹೆಚ್ಚು ಹರಿಯುತ್ತಿದ್ದದ್ದು ಒಳ್ಳೆಮೆಣಸು, ಅಂದರೆ ಕರಿಮೆಣಸು, ಕೊಯ್ಯುವ ಕಾಲದಲ್ಲಿ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಆ ಗೊಂಚಲು ಕೊಯ್ಯಬೇಕು, ಹಸುರು ಇದ್ದದ್ದನ್ನು ಬಿಡಬೇಕು. ಅಷ್ಟೇ ವಿದ್ಯೆ. ಆ ಅಷ್ಟು ವಿದ್ಯೆ ನನಗೆ ಹತ್ತಲಿಲ್ಲ. ನಾನು ಏಣಿ ಹತ್ತಿದರೆ ಎಳತನ್ನು ಕೊಯ್ದು ಹಣ್ಣಾದದ್ದನ್ನು ಬಳ್ಳಿಯಲ್ಲೇ ಬಿಟ್ಟು ಇಳಿಯುತ್ತಿದ್ದೆ.

"ನಿನ್ನ ಕಣ್ಣು ಎಲ್ಲಿ ಇಟ್ಟಿದ್ದಿ? ಸಣ್ಣ ಮಕ್ಕಳಿಗೆ ಗೊತ್ತಾಗ್ತದೆ, ನಿನಗೆ ಗೊತ್ತಾಗುದಿಲ್ವಾ? ಸೋಮಾರಿ!" ಎಂದು ಮಾವ ಬಳ್ಳಿಯ ಬುಡದಲ್ಲಿ ನಿಂತು ಕೂಗುತ್ತಿದ್ದರು. (ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಹೊರಗೆ ತುಳು. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.)

ಸೋಮಾರಿ ಎಂದೇ ನಾನೂ ನಂಬಿದ್ದೆ. ಈ ಕೆಲಸದಲ್ಲಿ ನನ್ನ ಮನಸ್ಸು ನಿಲ್ಲುವುದಿಲ್ಲ, ಅದಕ್ಕೇ ತಪ್ಪಾಗುತ್ತದೆ ಎಂದುಕೊಂಡಿದ್ದೆ. ಬೇಸಾಯ ಬಿಟ್ಟು ಬೇರೆ ಏನಾದರೂ ಕಲಿಯಬೇಕು ಎಂಬ ಹಟ ಹುಟ್ಟಿದ್ದು ಅಲ್ಲಿಂದ.

ಆಗ ಸಿಕ್ಕಿದವರು ಉಮ್ಮರ್ ಮೇಸ್ತ್ರಿ. ಪುತ್ತೂರಿನ ಬ್ಯಾರಿ, ಎಂದರೆ ನಮ್ಮ ಕರಾವಳಿ ಕಡೆಯ ಮುಸ್ಲಿಮರು. ಹಿಂದೆ ಬೊಂಬಾಯಿಯಲ್ಲಿ ವೈರಿಂಗ್ ಕೆಲಸ ಕಲಿತು ಊರಿಗೆ ಬಂದಿದ್ದರು. ಕರೆಂಟು ಬರುವ ಮೊದಲೇ ಅರಂತೋಡಿನ ಒಂದು ಅಂಗಡಿಗೆ ವೈರಿಂಗ್ ಮಾಡಿಡಲು ಬಂದ ಅವರ ಸಾಮಾನಿನ ಪೆಟ್ಟಿಗೆಯನ್ನು ನಾನು ಬಸ್ಸಿನಿಂದ ಇಳಿಸಿ ಕೊಟ್ಟೆ. ಇಳಿಸಿ ಕೊಟ್ಟವನು ಅಲ್ಲೇ ನಿಂತು ಇಡೀ ದಿನ ಅವರ ಕೆಲಸ ನೋಡಿದೆ. ಸಂಜೆ ಅವರು, "ಎಂತ ಮಾರಾಯ, ಮನೆಗೆ ಹೋಗುದಿಲ್ವಾ?" ಎಂದು ಕೇಳಿದರು. "ನನಗೆ ಈ ಕೆಲಸ ಕಲಿಸ್ತೀರಾ?" ಎಂದೆ. ಅವರು ನನ್ನ ಕೈ ಹಿಡಿದು ಬೆರಳು ಮಡಚಿ ನೋಡಿ ನಕ್ಕರು. ಮರುವಾರದಿಂದ ನಾನು ಅವರ ಜೊತೆ ಸೇರಿದೆ.

ಪುತ್ತೂರು, ಕಡಬ, ಉಪ್ಪಿನಂಗಡಿ, ಸುಳ್ಯ ಎಂದು ಮೇಸ್ತ್ರಿಗೆ ಎಲ್ಲಿ ಕೆಲಸ ಸಿಕ್ಕಿದರೂ ನಾನು ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಹೋದೆ. ಗೋಡೆಗೆ ಮರದ ಪಟ್ಟಿ ಹೊಡೆಯುವುದು, ಅದರ ಮೇಲೆ ವೈರು ಎಳೆದು ಕ್ಲಿಪ್ಪು ಕೂರಿಸುವುದು, ಹೋಲ್ಡರ್ ಕಟ್ಟುವುದು ಎಲ್ಲ ನನಗೆ ನೀರು ಕುಡಿದಷ್ಟು ಸುಲಭವಾಗಿ ಬಂತು. ಮೆಣಸಿನ ಬಳ್ಳಿಯಲ್ಲಿ ಸೋಮಾರಿಯಾದವನು ಇಲ್ಲಿ ಊಟದ ಹೊತ್ತು ಮರೆಯುತ್ತಿದ್ದೆ. "ಇವನ ಪಟ್ಟಿ ನೋಡಿ, ನೂಲು ಹಿಡಿದ ಹಾಗೆ ಉಂಟು" ಎಂದು ಮೇಸ್ತ್ರಿ ಮನೆಯವರನ್ನು ಕರೆದು ತೋರಿಸುತ್ತಿದ್ದರು. ಜೀವನದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ಹೊಗಳಿದ್ದರು.

ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟ ಪಾಠ ಒಂದಿದೆ. ವೈರು ಎರಡು. ಒಂದು ಲೈನು, ಅದರಲ್ಲಿ ಕರೆಂಟು ಬರುವುದು. ಇನ್ನೊಂದು ನ್ಯೂಟ್ರಲ್, ಅದು ಹಿಂದೆ ಹೋಗುವ ದಾರಿ. ಸ್ವಿಚ್ಚನ್ನು ಯಾವಾಗಲೂ ಲೈನಿಗೇ ಹಾಕಬೇಕು. ನ್ಯೂಟ್ರಲಿಗೆ ಹಾಕಿದರೂ ಬಲ್ಬು ಉರಿಯುತ್ತದೆ, ಆರಿಸಿದರೆ ಆರುತ್ತದೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಬಲ್ಬು ಆರಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. "ಪಾಪ, ಯಾರೋ ಹೆಂಗಸು ಸ್ವಿಚ್ ಆಫ್ ಮಾಡಿದ್ದೇನೆ ಅಂತ ಧೈರ್ಯದಲ್ಲಿ ಬಲ್ಬು ತೆಗೀಲಿಕ್ಕೆ ಕೈ ಹಾಕ್ತಾಳೆ. ಅಲ್ಲೇ ಮುಗೀತು. ಆ ಪಾಪ ನಮ್ಮ ತಲೆಗೆ" ಎಂದಿದ್ದರು ಮೇಸ್ತ್ರಿ.

ಯಾವುದು ಲೈನು, ಯಾವುದು ನ್ಯೂಟ್ರಲ್ ಎಂದು ಗುರುತಿಸಲಿಕ್ಕೆ ಮೇಸ್ತ್ರಿಯದ್ದು ಅವರದೇ ಕ್ರಮ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಯಲ್ಲಿ ಒಂದೇ ಬಣ್ಣದ ವೈರು ಸಿಗುತ್ತಿತ್ತಂತೆ. ಹಾಗಾಗಿ ಲೈನಿನ ಎರಡೂ ತುದಿಗೆ ಬಿಳಿ ನೂಲು ಕಟ್ಟಿ ಗಂಟು ಹಾಕುವುದು ಅವರಿಗೆ ಅಭ್ಯಾಸವಾಗಿತ್ತು. ಮತ್ತೆ ಲೈನಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು ಎಂದು ಎರಡು ಬಣ್ಣ ಬಂದರೂ ಅವರು ನೂಲು ಬಿಡಲಿಲ್ಲ. "ಅಟ್ಟದ ಕತ್ತಲೆಯಲ್ಲಿ ಮಸಿ ಹಿಡಿದರೆ ಬಣ್ಣ ಯಾರಿಗೆ ಕಾಣ್ತದೆ? ಗಂಟು ಕೈಗೆ ಸಿಗ್ತದೆ" ಎನ್ನುತ್ತಿದ್ದರು. ಕೆಳಗೆ ಕೂತು ಅವರು ಗಂಟು ಹಾಕಿ ಕೊಡುತ್ತಿದ್ದರು, ಮೇಲೆ ಹತ್ತಿ ನಾನು ಕಟ್ಟುತ್ತಿದ್ದೆ. ಗಂಟು ಇದ್ದದ್ದು ಸ್ವಿಚ್ಚಿಗೆ, ಇಲ್ಲದ್ದು ಹೋಲ್ಡರಿಗೆ. ಒಂದು ದಿನವೂ ತಪ್ಪಲಿಲ್ಲ.

ಒಂದು ಸಲ ಮಾತ್ರ ಕಡಬದ ಒಂದು ಮನೆಯಲ್ಲಿ, "ಆ ಕೆಂಪು ಸುರುಳಿ ಕೊಡು ಮೋನೇ" ಎಂದು ಮೇಸ್ತ್ರಿ (ಅವರ ಮಾತಿನಲ್ಲಿ ಮೋನೇ ಎಂದರೆ ಮಗನೇ) ಕೇಳಿದಾಗ ನಾನು ಕಪ್ಪು ಸುರುಳಿ ಕೊಟ್ಟೆ. "ಹಗಲು ಹೊತ್ತಿನಲ್ಲೇ ನಿದ್ದೆಯಾ?" ಎಂದು ಅವರು ನಕ್ಕರು. ನಾನೂ ನಕ್ಕೆ.

ಅವ್ವನಿಗೆ ನಾನು ಒಂದು ಮಾತು ಕೊಟ್ಟಿದ್ದೆ. ಚಿಮಣಿ ಎಣ್ಣೆಯ ದೀಪದ ಹೊಗೆಗೆ ಅವಳಿಗೆ ಕೆಮ್ಮು ಬರುತ್ತಿತ್ತು. "ಕರೆಂಟು ಬರ್ಲಿ ಅವ್ವ. ಈ ಮನೆಯ ವೈರಿಂಗ್ ಪೂರಾ ನನ್ನ ಕೈಯಲ್ಲೇ" ಎಂದಿದ್ದೆ. ಅವಳು ಅದನ್ನು ನೆರೆಕರೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಮಾವನೂ ಆ ವರ್ಷ ಮೆಣಸಿಗೆ ಬೇರೆ ಜನ ಕರೆದರು. "ಅವ ಈಗ ಕರೆಂಟಿನವ, ಅವನನ್ನು ಏಣಿ ಹತ್ತಿಸುದು ಬೇಡ" ಎಂದು ತಮಾಷೆ ಮಾಡಿದರೂ ಮುಖದಲ್ಲಿ ಸಂತೋಷ ಇತ್ತು.

ಪರ್ಮಿಟ್ ಇಲ್ಲದವನು ಎಷ್ಟು ವರ್ಷ ಕೆಲಸ ಮಾಡಿದರೂ ಸಹಾಯಕನೇ. ಸ್ವಂತವಾಗಿ ಒಂದು ಮನೆ ಹಿಡಿಯುವ ಹಾಗಿಲ್ಲ. ಮೇಸ್ತ್ರಿಯೇ ನನ್ನ ಅರ್ಜಿ ಹಾಕಿಸಿದರು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಪುತ್ತೂರಿನ ಒಂದು ಕಟ್ಟಡದ ಹಾಲಿನಲ್ಲಿ ಪರೀಕ್ಷೆ. ಮಂಗಳೂರಿನಿಂದ ಬಂದ ಅಧಿಕಾರಿಯೊಬ್ಬರು ನಡೆಸುವುದು. ಬೆಳಿಗ್ಗೆ ಬಾಗಿಲಲ್ಲಿ ಮೇಸ್ತ್ರಿ ತಮ್ಮ ಕಿಸೆಯಿಂದ ಟೆಸ್ಟರ್ ತೆಗೆದು ನನ್ನ ಕಿಸೆಗೆ ಹಾಕಿದರು. ಬೊಂಬಾಯಿಯಿಂದ ತಂದದ್ದು, ಯಾರಿಗೂ ಮುಟ್ಟಲು ಕೊಡದ ಟೆಸ್ಟರ್. ವೈರಿನಲ್ಲಿ ಕರೆಂಟು ಇದ್ದರೆ ಅದರ ಹಿಡಿಯೊಳಗಿನ ಸಣ್ಣ ದೀಪ ಮಿನುಗುತ್ತದೆ. "ಇದು ಇನ್ನು ನಿನ್ನದು. ಹೋಗು, ಪಾಸಾಗಿ ಬಾ" ಎಂದರು. ನಾನು ಕಾಲು ಮುಟ್ಟಲು ಬಗ್ಗಿದರೆ, "ಛೆ, ನಮ್ಮಲ್ಲಿ ಅದೆಲ್ಲ ಇಲ್ಲ ಮಾರಾಯ" ಎಂದು ಹಿಂದೆ ಸರಿದರು.

ಬಾಯಿಯಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಪಟಪಟ ಉತ್ತರ ಹೇಳಿದೆ. ಅಧಿಕಾರಿ ತಲೆದೂಗಿದರು. ಮತ್ತೆ ಒಂದು ಹಲಗೆಯ ಮುಂದೆ ನಿಲ್ಲಿಸಿದರು. ಹಲಗೆಯ ಮೇಲಿನಿಂದ ಎರಡು ವೈರಿನ ತುದಿ ಇಳಿಬಿದ್ದಿತ್ತು. ಅದಕ್ಕೆ ಸೇರಿಸಿ ಒಂದು ಸ್ವಿಚ್ಚು, ಒಂದು ಬಲ್ಬು ಕೂರಿಸಬೇಕು. ಕೆಲಸ ಮುಗಿಯುವವರೆಗೆ ಕರೆಂಟು ಕೊಡುವುದಿಲ್ಲ. ನಾನು ಮೇಸ್ತ್ರಿ ಮಾಡುವ ಹಾಗೆ ಕಿಸೆಯಿಂದ ನೂಲು ತೆಗೆದೆ.

"ಅದೆಂತದ್ದು?" ಎಂದರು ಅಧಿಕಾರಿ.

"ಲೈನಿಗೆ ಗಂಟು ಹಾಕ್ಲಿಕ್ಕೆ ಸಾರ್."

"ಗಂಟು ಗಿಂಟು ಬೇಡ. ಬಣ್ಣ ಉಂಟಲ್ಲ, ನೋಡಿ ಮಾಡು."

ನಾನು ಹಲಗೆ ನೋಡಿದೆ. ಎರಡು ತುದಿಯೂ ನನಗೆ ಒಂದೇ ಬಗೆ ಕಂಡಿತು. ಒಂದು ಸ್ವಲ್ಪ ಹಳತು, ಒಂದು ಸ್ವಲ್ಪ ಹೊಸತು, ಅಷ್ಟೇ ವ್ಯತ್ಯಾಸ. ಮೇಸ್ತ್ರಿ ಹಲಗೆ ಕಟ್ಟುವಾಗ ಲೈನನ್ನು ಯಾವಾಗಲೂ ಬಲಬದಿಗೆ ತರುತ್ತಿದ್ದರು. ಇಲ್ಲಿಯೂ ಹಾಗೇ ಇರಬಹುದು ಎಂದು ಬಲಬದಿಯದ್ದನ್ನು ಸ್ವಿಚ್ಚಿಗೆ ಕಟ್ಟಿದೆ. ಹಾಲಿನಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದವನು ನಾನೇ.

ಅಧಿಕಾರಿ ಕರೆಂಟು ಕೊಟ್ಟು ಸ್ವಿಚ್ಚು ಒತ್ತಿದರು. ಬಲ್ಬು ಝಗ್ಗನೆ ಉರಿಯಿತು. ಅಬ್ಬಾ, ಆ ಒಂದು ಕ್ಷಣ! ಅಜ್ಜಾವರದ ಮನೆ, ಅವ್ವ, ಮಾವ ಎಲ್ಲ ಕಣ್ಣ ಮುಂದೆ ಬಂದರು. ಅಧಿಕಾರಿ ಸ್ವಿಚ್ಚು ಆರಿಸಿ, ಬಲ್ಬು ಕಳಚಿ, ತಮ್ಮ ಟೆಸ್ಟರನ್ನು ಹೋಲ್ಡರಿನೊಳಗೆ ಇಟ್ಟರು. ಟೆಸ್ಟರ್ ಮಿನುಗಿತು.

"ಸ್ವಿಚ್ ಆಫ್ ಉಂಟು. ಹೋಲ್ಡರಿನಲ್ಲಿ ಕರೆಂಟು ಉಂಟು. ಎಂತ ಇದು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯ ಇತ್ತು. "ಇಷ್ಟು ಚಂದ ಕೆಲಸ ಮಾಡಿ ಕಪ್ಪು ವೈರು ಸ್ವಿಚ್ಚಿಗೆ ಯಾಕೆ ಹಾಕಿದ್ದಿ?"

ಅವರು ಮೇಜಿನಿಂದ ಎರಡು ತುಂಡು ವೈರು ತೆಗೆದು ನನ್ನನ್ನು ಬಾಗಿಲ ಹತ್ತಿರ ಬಿಸಿಲಿಗೆ ಕರೆದುಕೊಂಡು ಹೋದರು. ಅಂಗೈಯಲ್ಲಿ ಇಟ್ಟು, "ಕೆಂಪು ವೈರು ಯಾವುದು?" ಎಂದು ಕೇಳಿದರು. ನಾನು ಒಂದನ್ನು ಮುಟ್ಟಿದೆ. ಪರೀಕ್ಷೆಗೆ ಬಂದ ಉಳಿದವರು ಗೊಳ್ಳೆಂದು ನಕ್ಕರು. ಅಧಿಕಾರಿ ಕೈ ಬೆನ್ನ ಹಿಂದೆ ತೆಗೆದುಕೊಂಡು ಹೋಗಿ ಮತ್ತೆ ಮುಂದೆ ತಂದರು. ಮತ್ತೆ ಮುಟ್ಟಿದೆ. ಈ ಸಲವೂ ಮುಟ್ಟಿದ್ದು ಕಪ್ಪನ್ನೇ, ಆದರೆ ಯಾರೂ ನಗಲಿಲ್ಲ.

ಹೊರಗೆ ನಿಂತಿದ್ದ ಮೇಸ್ತ್ರಿಯನ್ನು ಒಳಗೆ ಕರೆಸಿದರು. "ಇವನ ಕಣ್ಣಿಗೆ ಕೆಂಪು ಕಾಣುದಿಲ್ಲ. ಹುಟ್ಟಿನಿಂದಲೇ ಇರ್ತದೆ ಕೆಲವರಿಗೆ. ಮದ್ದು ಇಲ್ಲ" ಎಂದರು ಅಧಿಕಾರಿ.

ಮೇಸ್ತ್ರಿ ನನಗಾಗಿ ಎಷ್ಟು ಬೇಡಿಕೊಂಡರೆಂದರೆ, ಅಷ್ಟು ಯಾರೂ ಯಾರಿಗಾಗಿಯೂ ಬೇಡಿದ್ದನ್ನು ನಾನು ಮತ್ತೆ ನೋಡಲಿಲ್ಲ. "ಸಾರ್, ಇವನಷ್ಟು ಕೈ ಶುದ್ಧ ಇರುವವ ಈ ತಾಲೂಕಿನಲ್ಲೇ ಇಲ್ಲ. ಗಂಟು ಹಾಕಿದ್ರೆ ಇವ ಕಣ್ಣು ಮುಚ್ಚಿ ಕಟ್ತಾನೆ."

"ನೀವು ಗಂಟು ಹಾಕಿದ್ರೆ ಸರಿ. ಬೇರೆಯವ ಮಾಡಿದ ವೈರಿಂಗ್ ರಿಪೇರಿಗೆ ಹೋದ್ರೆ ಅಲ್ಲಿ ಗಂಟು ಹಾಕಿದವರು ಯಾರು?"

"ಟೆಸ್ಟರ್ ಇಟ್ಟು ನೋಡ್ತಾನೆ ಸಾರ್."

"ಕರೆಂಟೇ ಬಾರದ ಮನೆಗೆ ವೈರಿಂಗ್ ಮಾಡ್ಲಿಕ್ಕೆ ಇರುದು ಈಗ ನಿಮಗೆ. ಟೆಸ್ಟರ್ ಎಂತ ಹೇಳ್ತದೆ ಅಲ್ಲಿ? ನನಗೂ ಬೇಸರ ಉಂಟು ಮೇಸ್ತ್ರಿ. ಆದ್ರೆ ಇವತ್ತು ನಾನು ಸಹಿ ಹಾಕಿದ್ರೆ ನಾಳೆ ಒಬ್ಬರು ಸಾಯ್ತಾರೆ."

ಅಧಿಕಾರಿ ಅನ್ಯಾಯ ಮಾಡಿದ್ದರೆ ನಾನು ಅವರನ್ನು ಜೀವಮಾನ ಪೂರ್ತಿ ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಬೈಯಲು ನನಗೆ ಯಾರೂ ಉಳಿಯಲಿಲ್ಲ.

ಮೇಸ್ತ್ರಿ ನನ್ನ ಜೊತೆ ಸುಳ್ಯದ ಬಸ್ಸು ಹತ್ತಿದರು. ಅವರಿಗೆ ಆ ಕಡೆ ಏನೂ ಕೆಲಸ ಇರಲಿಲ್ಲ. ನನ್ನನ್ನು ಒಬ್ಬನೇ ಬಿಡಲು ಹೆದರಿದರು ಅಂತ ಕಾಣುತ್ತದೆ. ಸ್ವಲ್ಪ ದೂರ ಹೋದ ಮೇಲೆ ಅವರು ಕಿಟಕಿಯ ಹೊರಗೆ ರಸ್ತೆಬದಿಯ ಮಣ್ಣಿನ ದಿಣ್ಣೆಯ ಕಡೆ ಕೈ ತೋರಿಸಿ, "ಆ ದರೆಯ ಮೇಲೆ ಕೇಪುಳ ಹೂ ಉಂಟಲ್ಲ, ಕಾಣ್ತದಾ?" ಎಂದು ಮೆಲ್ಲಗೆ ಕೇಳಿದರು.

"ಎಲ್ಲಿ?" ಎಂದೆ.

ಬಸ್ಸು ಮುಂದೆ ಹೋಯಿತು. ಇನ್ನೊಂದು ತಿರುವಿನಲ್ಲಿ, "ಇಲ್ಲಿ? ಇಡೀ ಗಿಡ ಕೆಂಪಾಗಿದೆ ಮೋನೇ" ಎಂದರು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಗಿಡ ಕಂಡಿತು, ಎಲೆ ಕಂಡಿತು. ಮೇಸ್ತ್ರಿ ತಲೆಯ ಟೊಪ್ಪಿ ತೆಗೆದು ಮುಖ ಒರೆಸಿಕೊಂಡು, "ನಾನು ಆ ಗಂಟು ಹಾಕಿ ಕೊಡದೆ ಇದ್ದಿದ್ರೆ ಮೊದಲ ತಿಂಗಳಿನಲ್ಲೇ ಗೊತ್ತಾಗ್ತಿತ್ತು. ಬೇರೆ ಎಂತಾದ್ರೂ ಕಲೀತಿದ್ದಿ" ಎಂದರು. ಸುಳ್ಯದಲ್ಲಿ ಇಳಿದ ಮೇಲೆ ನಾನು ಟೆಸ್ಟರನ್ನು ಅವರ ಮುಂದೆ ಹಿಡಿದೆ. ಅವರು ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿದರು. "ನನ್ನ ಒಟ್ಟಿಗೇ ಇರು. ನಾನು ಇರುವಷ್ಟು ದಿನ ಗಂಟು ಹಾಕಿ ಕೊಡ್ತೇನೆ" ಎಂದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವರ ಕಣ್ಣು ಒಂದು ದಿನ ಮಂಜಾದರೆ? ಒಂದು ಗಂಟು ಬಿಚ್ಚಿ ಹೋದರೆ? ಬಲ್ಬು ತೆಗೆಯಲು ಕೈ ಹಾಕುವ ಆ ಹೆಂಗಸಿನ ಮುಖ ಆಗಲೇ ನನ್ನ ತಲೆಯೊಳಗೆ ಬಂದು ಕೂತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಪಯಸ್ವಿನಿ ಹೊಳೆ ದಾಟಬೇಕು. ಬೇಸಗೆಯ ಹೊಳೆ, ಮೊಣಕಾಲಿನಷ್ಟು ನೀರು. ನಡುವೆ ಒಂದು ಬಂಡೆಯ ಮೇಲೆ ಕೂತೆ. ಸಾಯಬೇಕು ಅನ್ನಿಸಿತು. ಅಲ್ಲಿ ಸಾಯುವಷ್ಟು ನೀರೂ ಇರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತು, ಮುಖ ತೊಳೆದು ಎದ್ದೆ.

ಮಾವ ಜಗಲಿಯಲ್ಲೇ ಇದ್ದರು. ನಾನು ಆದದ್ದು ಹೇಳಿದೆ. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು ನಿಂತರು. "ಹಾಗಾದ್ರೆ ಮೆಣಸು ಕೊಯ್ಯುವಾಗ..." ಎಂದರು. ಅಂಗಳಕ್ಕೆ ಇಳಿದು ಹೋದರು. ಆ ದಿನದ ಮೇಲೆ ಮಾವ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೋಮಾರಿತನವಾದರೆ ಇವತ್ತಲ್ಲ ನಾಳೆ ಬಿಡಬಹುದು, ಇದನ್ನು ಬಿಡುವುದು ಹೇಗೆ?

ಅವ್ವ ನನ್ನ ಪಕ್ಕದಲ್ಲಿ ಬಂದು ಕೂತಳು. "ಸಣ್ಣವ ಇರುವಾಗ ಕೇಪುಳ ಹೂ ತಾ ಅಂತ ಗುಡ್ಡೆಗೆ ಕಳಿಸಿದ್ರೆ ಬರೀ ಕೈಯಲ್ಲಿ ಬರ್ತಿದ್ದಿ. ಆಟಕ್ಕೆ ಹೋಗಿದ್ದಿ ಅಂತ ನಾನು ಹೊಡೀತಿದ್ದೆ" ಎಂದು ಹೇಳಿ ನನ್ನ ಬೆನ್ನು ಸವರಿದಳು.

ಮತ್ತೆ ನಾನು ಸುಳ್ಯದ ಒಂದು ಅಕ್ಕಿ ಮಿಲ್ಲಿನಲ್ಲಿ ಗೋಣಿ ಹೊಲಿಯುವ ಕೆಲಸಕ್ಕೆ ಸೇರಿದೆ. ಹೊಟ್ಟೆಗೆ ತೊಂದರೆ ಆಗಲಿಲ್ಲ. ಮೇಸ್ತ್ರಿ ಆ ಕಡೆ ಬಂದಾಗ ಮಿಲ್ಲಿನ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದರು. ಆಮೇಲೆ ಅವರಿಗೂ ಕೈಲಾಗದೆ ಬರುವುದು ನಿಂತಿತು.

ಆ ದಶಕ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಹತ್ತಿರಕ್ಕೂ ಕರೆಂಟು ಬಂತು. ವೈರಿಂಗಿಗೆ ಮಾವ ಕಡಬದ ಕಡೆಯ ಒಬ್ಬನನ್ನು ಕರೆಸಿದರು. ನನಗಿಂತ ಸಣ್ಣ ಪ್ರಾಯ, ಮಾತು ಹೆಚ್ಚು, ಕೆಲಸ ಸಾಧಾರಣ. ಅವನ ಪಟ್ಟಿ ಒಂದು ಕಡೆ ಸೊಟ್ಟಗಿತ್ತು. ಅವನು ಏಣಿಯ ಮೇಲಿಂದ ಕೆಳಗೆ ನೋಡಿ, "ಅಣ್ಣಾ, ಆ ಕೆಂಪು ವೈರು ಒಮ್ಮೆ ಕೊಡಿ ಮಾರಾಯ್ರೆ" ಎಂದ.

ನನ್ನ ಕಾಲ ಹತ್ತಿರ ಎರಡು ಸುರುಳಿ ಇತ್ತು. ನಾನು ಬಗ್ಗಿದೆ. ಬಗ್ಗಿದವನು ಹಾಗೇ ನಿಂತೆ. ಅಡಿಗೆಮನೆಯಿಂದ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಒಂದು ಸುರುಳಿ ಎತ್ತಿ ನನ್ನ ಕೈಯಲ್ಲಿ ಇಟ್ಟು, ಒಳಗೆ ಹೋದಳು. ನಾನು ಅದನ್ನು ಮೇಲಕ್ಕೆ ಕೊಟ್ಟೆ. ಏಣಿಯ ಮೇಲಿದ್ದವನಿಗೆ ಏನೂ ಗೊತ್ತಾಗಲಿಲ್ಲ.

ಲೈನು ಕೊಟ್ಟ ದಿನ ಸಂಜೆ ಬಲ್ಬು ಉರಿಯಿತು. ನೆರೆಕರೆಯವರು ಬಂದು ನೋಡಿ, ಬೆಲ್ಲ ನೀರು ಕುಡಿದು ಹೋದರು. ಎಲ್ಲರೂ ಹೋದ ಮೇಲೆ ನಾನು ಪೆಟ್ಟಿಗೆಯಿಂದ ಮೇಸ್ತ್ರಿಯ ಟೆಸ್ಟರ್ ತೆಗೆದೆ. ಸ್ವಿಚ್ಚು ಆರಿಸಿ, ಸ್ಟೂಲ್ ಹತ್ತಿ, ಬಲ್ಬು ಕಳಚಿ, ಹೋಲ್ಡರಿಗೆ ಟೆಸ್ಟರ್ ಇಟ್ಟೆ. ಅದು ಮಿನುಗಲಿಲ್ಲ. ಸ್ವಿಚ್ಚು ಹಾಕಿ ಮತ್ತೆ ಇಟ್ಟೆ. ಮಿನುಗಿತು. ಟೆಸ್ಟರ್ ಹಾಳಾಗಿರಲಿಲ್ಲ. ಹುಡುಗ ಸರಿಯಾಗಿಯೇ ಮಾಡಿದ್ದ. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಸ್ಟೂಲಿನ ಮೇಲೆ ನಿಂತಲ್ಲೇ ನನಗೆ ಅಳು ಬಂತು. ಇಷ್ಟು ವರ್ಷವಾದರೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಸ್ವಿಚ್ಚಿನ ಕಡೆಗೆ ಹೋಗುತ್ತದೆ.

ಕತ್ತಲೆಯಲ್ಲಿ ಅವ್ವ ಚಿಮಣಿ ದೀಪ ಹಿಡಿದುಕೊಂಡು ಬಾಗಿಲಿಗೆ ಬಂದಳು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಟೆಸ್ಟರ್ ನೋಡಿದಳು.

"ಸರಿ ಉಂಟಾ ಮಗಾ?" ಎಂದು ಕೇಳಿದಳು.

"ಸರಿ ಉಂಟು ಅವ್ವ. ಸ್ವಿಚ್ ಆಫ್ ಮಾಡಿದ್ರೆ ನೀನು ಹೆದರದೆ ಮುಟ್ಟಬಹುದು" ಎಂದೆ.